ಊಟದ ಪಾಳಿ ಬರೆದಿಟ್ಟವರು

ಅವರ ಎಡಗೈ ತೋರುಬೆರಳಿನ ಮೇಲೆ ನೂಲು ಕೊರೆದ ಗೆರೆಯೊಂದಿತ್ತು. ರಬಕವಿಯ ನೇಕಾರರ ಮನೆಯಲ್ಲಿ ಹುಟ್ಟಿ, ಶಾಲೆಗೆ ಸೇರುವ ಮೊದಲೇ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಕೂತ ಬೆರಳು ಅದು. ನೂಲು ಓಡಿ ಓಡಿ ಅಲ್ಲಿ ಚರ್ಮ ಜಡ್ಡುಗಟ್ಟಿತ್ತು. ರೋಗಿಯ ನಾಡಿ ಹಿಡಿಯುವಾಗ ಅವರು ಆ ಕೈ ಬಿಟ್ಟು ಬಲಗೈ ಚಾಚುತ್ತಿದ್ದರು. ಯಾಕೆಂದು ಕೇಳಿದರೆ, "ಈ ಬೆರಳ ಕಿವುಡ ಐತಿ ಬೇ, ಇದಕ್ಕ ನಾಡಿ ಕೇಳಸೂದಿಲ್ಲ. ಇದು ಬರೇ ಬೈಯಾಕ" ಎನ್ನುತ್ತಿದ್ದರು. ಅದು ನಿಜವೇ. ನಮ್ಮನ್ನು ಬೈಯುವಾಗ ಮಾತಿಗಿಂತ ಮೊದಲು ಆ ಬೆರಳು ಬರುತ್ತಿತ್ತು.

ಜಮಖಂಡಿ ಸೀಮೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅವರು ಎಲ್ಲರಿಗಿಂತ ಹಿರಿಯ ನರ್ಸ್. ನಾವೆಲ್ಲ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದೆವು. ನಾನು ಬೀಳಗಿಯವಳು. ಕೆಲಸಕ್ಕೆ ಸೇರಿದ ದಿನ ಮೊದಲ ದರ್ಜೆಯ ಅಂಕಪಟ್ಟಿಯನ್ನು ಫೈಲಿನಲ್ಲಿಟ್ಟುಕೊಂಡು ಅವರ ಮುಂದೆ ನಿಂತಿದ್ದೆ. ಫೈಲನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. "ಮುಂಜಾನೆ ಏನ ಉಂಡ ಬಂದಿ?" ಎಂದರು. ಚಹಾ ಕುಡಿದಿದ್ದೇನೆ ಎಂದೆ. "ನಾ ಕುಡದದ್ದ ಕೇಳಿಲ್ಲ, ಉಂಡದ್ದ ಕೇಳೇನಿ" ಎಂದು ತಮ್ಮ ಡಬ್ಬಿ ತೆರೆದು ಅರ್ಧ ರೊಟ್ಟಿಗೆ ಶೇಂಗಾ ಹಿಂಡಿ ಸವರಿ ಕೈಗಿಟ್ಟರು. ನನಗೆ ಸಿಟ್ಟು ಬಂತು. ಓದಿ ಬಂದವಳನ್ನು ಅಂಗನವಾಡಿ ಕೂಸಿನ ಹಾಗೆ ಕೂರಿಸಿ ತಿನ್ನಿಸುವುದೆಂದರೇನು! ಆದರೂ ತಿಂದೆ, ಹಸಿವಾಗಿತ್ತು.

ಮುಂದೆ ಕೊರೊನಾ ಬಂತು. ತಲೆಯಿಂದ ಕಾಲಿನವರೆಗೆ ಬಿಳಿ ಕಿಟ್ಟು ತೊಟ್ಟ ಮೇಲೆ ಯಾರು ಯಾರೆಂದು ನಮಗೇ ತಿಳಿಯುತ್ತಿರಲಿಲ್ಲ. ರೋಗಿಗಳಂತೂ ಹೆದರಿ ನಮ್ಮ ಮುಖ ನೋಡುವುದನ್ನೇ ಬಿಟ್ಟರು. ನೋಡಲು ಮುಖವಾದರೂ ಎಲ್ಲಿತ್ತು? ಎರಡನೆಯ ದಿನವೇ ದೊಡ್ಡ ಸಿಸ್ಟರ್ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯ ಸುರುಳಿ ತಂದರು. ಒಂದೊಂದು ತುಂಡು ಹರಿದು, ದಪ್ಪ ಪೆನ್ನಿನಿಂದ ಬರೆದು ಎಲ್ಲರ ಎದೆಗೂ ಬೆನ್ನಿಗೂ ಹಚ್ಚಿದರು. ಬರೆದದ್ದು ಹೆಸರಲ್ಲ, ಊರು. ನಾನು ಬೀಳಗಿ. ಇನ್ನುಳಿದವರು ಮುಧೋಳ, ತೇರದಾಳ, ಮಹಾಲಿಂಗಪುರ.

"ಹೆಸರ ಬರದ್ರ ಯಾರಿಗೆ ಗುರತ ಸಿಗತೈತಿ? ಊರ ಬರದ್ರ ಹಂಗ ಅಲ್ಲ, ಒಂದಿಲ್ಲ ಒಂದ ಬೀಗತನ ಹತ್ತತೈತಿ" ಎಂದರು.

ಹತ್ತಿತು. ಮರುದಿನದಿಂದ ವಾರ್ಡಿನಲ್ಲಿ "ಏ ತೇರದಾಳ, ನೀರ ಕೊಡವಾ", "ಮುಧೋಳ, ದಿಂಬ ಸರಿ ಮಾಡ" ಎಂಬ ಕೂಗು ಶುರುವಾಯಿತು. ಮಹಾಲಿಂಗಪುರ ಬೆಲ್ಲಕ್ಕೆ ಹೆಸರಾದ ಊರು. ಅಲ್ಲಿಯವಳನ್ನು ರೋಗಿಯೊಬ್ಬರು ಆಮ್ಲಜನಕದ ಮಾಸ್ಕಿನೊಳಗಿಂದಲೇ ಈ ಸಲ ಬೆಲ್ಲ ಹೇಗಿದೆ ಎಂದು ವಿಚಾರಿಸಿದರು. ಇವಳು ಬೆಲ್ಲದ ಗಾಣ ಕಣ್ಣಿಂದಲೂ ಕಂಡವಳಲ್ಲ. "ಛಲೋ ಐತ್ರಿ" ಎಂದುಬಿಟ್ಟಳು. ಅವರಿಗೆ ಅಷ್ಟೇ ಬೇಕಿತ್ತು.

ಅದೇ ದಿನ ವಾರ್ಡಿನ ಬಾಗಿಲಿಗೆ ಊಟದ ಪಾಳಿಯ ಪಟ್ಟಿಯೂ ಬಂತು. ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಯಾವ ಊರು ಎಷ್ಟು ಹೊತ್ತಿಗೆ ಒಳಗೆ ಹೋಗಬೇಕು, ಯಾವಾಗ ಹೊರಗೆ ಬಂದು ಉಣ್ಣಬೇಕು, ಎಷ್ಟು ಹೊತ್ತು ಅಡ್ಡಾಗಬೇಕು ಎಲ್ಲವನ್ನೂ ಬರೆದಿದ್ದರು. ಔಷಧಿ ಕೊಡುವ ವೇಳೆ ತಪ್ಪಿದರೆ ಎಷ್ಟು ಬೈಗುಳವೋ ಊಟದ ವೇಳೆ ತಪ್ಪಿದರೂ ಅಷ್ಟೇ. ಅಳುವುದಕ್ಕೂ ಅವರಲ್ಲಿ ಒಂದು ಶಿಸ್ತು ಇತ್ತು. "ಅಳೂದಿದ್ರ ಊಟಕ್ಕಿಂತ ಮದ್ಲ ಅತ್ತ ಮುಗಸ್ರಿ. ಉಣ್ಣುವಾಗ ಅತ್ರ ತುತ್ತ ನೆತ್ತಿಗೆ ಏರತೈತಿ" ಎನ್ನುತ್ತಿದ್ದರು. ನಾವು ಅಳುತ್ತಲೇ ನಗುತ್ತಿದ್ದೆವು.

ನನ್ನ ಚೀಲದಲ್ಲಿ ಆಗ ಒಂದು ಕಾಗದವಿತ್ತು, ಕೆಲಸ ಬಿಡುತ್ತೇನೆಂದು ಬರೆದ ಅರ್ಜಿ. ಮೂರು ವರ್ಷದ ಮಗಳು ಬೀಳಗಿಯಲ್ಲಿ ಅವ್ವನ ಹತ್ತಿರ ಇದ್ದಳು. ದಿನಾ ಫೋನಿನಲ್ಲಿ ಅವ್ವನದು ಒಂದೇ ಮಾತು, "ಬಿಟ್ಟ ಬಾರ ನಮ್ಮವ್ವಾ, ಜೀವ ಇದ್ರ ಇನ್ನೊಂದ ನೌಕರಿ." ಕೊಡಲು ಧೈರ್ಯವಿಲ್ಲ, ಹರಿಯಲು ಮನಸ್ಸಿಲ್ಲ. ಬಿಟ್ಟು ಹೋಗುವ ಯೋಚನೆ ಮಾಡಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತ್ತು. ಅದನ್ನು ತೊಳೆದುಕೊಳ್ಳಲೆಂದೋ ಏನೋ, ಎಲ್ಲರಿಗಿಂತ ಹೆಚ್ಚು ಹೊತ್ತು ಒಳಗೆ ನಿಲ್ಲತೊಡಗಿದೆ.

ಆ ಹೊತ್ತಿನಲ್ಲೇ ಬೀಳಗಿ ಕಡೆಯ ಕುರಿ ಕಾಯುವ ಅಜ್ಜನೊಬ್ಬ ಬಂದ. ಹಣೆ ತುಂಬ ಬೀರೇಶ್ವರನ ಭಂಡಾರದ ಅರಿಸಿನ. ಮಾಸ್ಕ್ ಹಾಕಿದರೆ ಕಿತ್ತೆಸೆಯುತ್ತಿದ್ದ. ನನ್ನ ಎದೆಯ ಮೇಲಿನ ಪಟ್ಟಿ ಯಾರೋ ಓದಿ ಹೇಳಿದ ಮೇಲೆ ನನ್ನ ಕೈ ಹಿಡಿದವನು ಬಿಡಲೇ ಇಲ್ಲ. ನಾನು ಪಕ್ಕದಲ್ಲಿದ್ದರೆ ಮಾಸ್ಕ್ ಮುಖದ ಮೇಲಿರುತ್ತಿತ್ತು, ಹೋದರೆ ನೆಲದ ಮೇಲೆ. ಹೀಗಾಗಿ ನಾನೊಂದು ಉಪಾಯ ಹೂಡಿದೆ. ದೊಡ್ಡ ಸಿಸ್ಟರ್ ಬಾಗಿಲ ಗಾಜಿನಿಂದ ನಮ್ಮ ಬೆನ್ನು ನೋಡಿ ಪಾಳಿ ಲೆಕ್ಕ ಹಿಡಿಯುತ್ತಿದ್ದರು. ಮುಧೋಳದ ಗೆಳತಿಯನ್ನು ಒಪ್ಪಿಸಿ, ನಾನು ಹೊರಗೆ ಹೋಗಿ ಉಣ್ಣಬೇಕಾದ ಹೊತ್ತಿನ ಅವಳ ಪಾಳಿಯನ್ನೂ ನಾನೇ ತೆಗೆದುಕೊಂಡೆ. ಎದೆಯ ಮೇಲೆ ಬೀಳಗಿ ಹಾಗೇ ಇತ್ತು, ಅಜ್ಜನಿಗಾಗಿ. ಬೆನ್ನ ಮೇಲೆ ಮಾತ್ರ ಮುಧೋಳ ಹಚ್ಚಿಕೊಂಡೆ, ದೊಡ್ಡ ಸಿಸ್ಟರಿಗಾಗಿ.

ಎರಡು ದಿನ ನಡೆಯಿತು. ಮೂರನೆಯ ದಿನ ಮಧ್ಯಾಹ್ನ, ಇಂಜೆಕ್ಷನ್ನಿನ ಟ್ರೇ ಹಿಡಿದವಳಿಗೆ ಕಣ್ಣು ಕತ್ತಲೆ ಬಂತು. ಐದನೆಯ ಮಂಚದ ಔಷಧಿ ಹಿಡಿದುಕೊಂಡು ಆರನೆಯ ಮಂಚದ ಮುಂದೆ ನಿಂತಿದ್ದೆ. ಸಿರಿಂಜ್ ಎತ್ತುವಷ್ಟರಲ್ಲಿ ಬೆನ್ನ ಹಿಂದೆ ದನಿ ಕೇಳಿಸಿತು.

"ಮುಧೋಳ ಯಾವಾಗಿಂದ ಇಷ್ಟ ಗಿಡ್ಡ ಆದ್ಲು?"

ಮುಧೋಳದವಳು ನನಗಿಂತ ಒಂದು ಗೇಣು ಎತ್ತರ. ಅದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ದೊಡ್ಡ ಸಿಸ್ಟರ್ ಟ್ರೇ ಕಸಿದುಕೊಂಡು ನನ್ನನ್ನು ಹೊರಗೆ ಕರೆತಂದರು. ಕಿಟ್ಟು ಬಿಚ್ಚಿಸಿ, ಕೈ ತೊಳೆಸಿ, ಎರಡು ಲೋಟ ಉಪ್ಪು ಸಕ್ಕರೆಯ ನೀರು ಕುಡಿಸಿದರು. ನಾನು ಗೊಳೋ ಎಂದು ಅತ್ತೆ.

"ಅಜ್ಜ ಬಿಡವಲ್ಲರಿ, ಏನ ಮಾಡ್ಲಿ?"

"ಉಣ್ಣಾಕ ಹೊಂಟೇನಿ ಅಂತ ಅವ್ಗ ಹೇಳಿದ್ದೇನ?"

"ಇಲ್ಲರಿ."

"ಯಾಕ?"

ಸಾಯುವ ಭಯದಲ್ಲಿರುವವನ ಮುಂದೆ ನನಗೆ ಹಸಿವು ಎನ್ನುವುದು ನಾಚಿಕೆಗೇಡು ಎನಿಸಿತ್ತು. ಆ ದುಃಖದಲ್ಲೇ ಚೀಲದ ಅರ್ಜಿಯ ವಿಷಯವೂ ಬಾಯಿಗೆ ಬಂತು. "ನಾ ಬಿಟ್ಟ ಹೋದ್ರ ತಪ್ಪೇನ್ರಿ?" ಎಂದು ಕೇಳಿದೆ. ಬೆರಳು ಮೇಲೇಳುತ್ತದೆ ಎಂದುಕೊಂಡಿದ್ದೆ. ಏಳಲಿಲ್ಲ.

"ತಪ್ಪಲ್ಲ. ಮಗಳ ಅದಾಳ, ಹೆದರಿಕಿ ಐತಿ. ಹೋಗಾಕಿ ಹೋಗಬೌದು, ನಾ ಏನೂ ಅನ್ನೂದಿಲ್ಲ. ಆದ್ರ ಇರಾಕಿ ಉಂಡ ಇರಬೇಕು. ನೀ ಉಪಾಸ ನಿಂತದ್ದು ಸೇವಾ ಅಲ್ಲ ಬೇ. ಈಗ ಆರನೇ ಮಂಚದಾಂವಗ ಏನಾಗತಿತ್ತು, ಗೊತ್ತೈತೇನ?"

ಗೊತ್ತಿತ್ತು.

ಅವರು ಹೊಸ ಕಿಟ್ಟು ತೊಟ್ಟು ಒಳಗೆ ಹೋದರು. ನಾನು ಗಾಜಿನ ಈಚೆ ರೊಟ್ಟಿ ಹಿಡಿದು ನಿಂತಿದ್ದೆ. ಅವರು ಎದೆಗೆ ಬೀಳಗಿ ಹಚ್ಚಿಕೊಂಡು ಅಜ್ಜನನ್ನು ನಂಬಿಸುತ್ತಾರೆಂದು ನಾನು ಎಣಿಸಿದ್ದೆ. ಇಲ್ಲ, ಅವರ ಎದೆಯ ಮೇಲೆ ರಬಕವಿ ಎಂದೇ ಇತ್ತು. ಅಜ್ಜನ ಕಿವಿ ಮಂದವಾದ್ದರಿಂದ ಅವರು ಕೂಗಿದ್ದು ನನಗೂ ಕೇಳಿಸಿತು.

"ಯಜ್ಜಾ, ನಾ ರಬಕವ್ಯಾಕಿ. ಬೀಳಗಿ ಉಣ್ಣಾಕ ಹೋಗ್ಯಾಳ. ಮುಂಜಾನಿಯಿಂದ ಉಂಡಿಲ್ಲ."

ಅಜ್ಜ ಮಾಸ್ಕ್ ಸರಿಸಿ, ಅಷ್ಟೇ ಗಟ್ಟಿಯಾಗಿ, "ಉಂಡಿಲ್ಲಾ? ಅಯ್ಯ ಪಾಪ! ಉಣ್ಣಲಿ, ಸಾವಕಾಶ ಉಣ್ಣಲಿ. ಕುರಿ ಕಾಯೂ ಮುಂದ ನಾನೂ ಬುತ್ತಿ ಬಿಚ್ಚತೇನಲ್ಲ" ಎಂದ. ಮಾಸ್ಕನ್ನು ತಾನೇ ಮತ್ತೆ ಮುಖಕ್ಕೆ ಎಳೆದುಕೊಂಡು ರಬಕವಿಯ ಕೈ ಹಿಡಿದ. ಎರಡು ದಿನ ನಾನು ಹೇಳಲಾಗದೆ ಸತ್ತ ಮಾತು ಅದೊಂದೇ ಆಗಿತ್ತು.

ಅಂದು ಹೊಟ್ಟೆ ತುಂಬಿದ ಮೇಲೆ ಬುದ್ಧಿಯೂ ಚುರುಕಾಯಿತು. ಬಾಗಿಲ ಮೇಲಿನ ಪಟ್ಟಿಯನ್ನು ನಿಧಾನವಾಗಿ ಓದಿದೆ. ಅದರಲ್ಲಿ ಎಲ್ಲ ಊರುಗಳೂ ಇದ್ದವು, ರಬಕವಿ ಮಾತ್ರ ಇರಲಿಲ್ಲ. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡೆ. ಹೊಸ ಪಟ್ಟಿ ಬರೆಯಲು ಹಾಳೆ ಹುಡುಕಿದೆ, ಸಿಗಲಿಲ್ಲ. ಚೀಲದಿಂದ ನನ್ನ ಅರ್ಜಿ ತೆಗೆದು, ಅದರ ಹಿಂಬದಿಯಲ್ಲಿ ಎಲ್ಲಕ್ಕಿಂತ ಮೇಲೆ ರಬಕವಿ ಎಂದು ಬರೆದೆ. ಮರುದಿನ ಅವರು ಒಳಗೆ ಹೋಗಲು ಬಂದಾಗ ಬಾಗಿಲಿಗೆ ಅಡ್ಡ ನಿಂತೆ.

"ನಿಮ್ಮ ಪಾಳಿ ಐತ್ರಿ. ಉಂಡ ಹೋಗ್ರಿ."

"ಯಾರ ಬರದಾರ?"

"ಬೀಳಗಿ ಬರದಾಳ್ರಿ."

ಅವರು ಹಾಳೆ ತೆಗೆದುಕೊಂಡು ನೋಡಿದರು. ಹಾಳೆ ಮಗುಚಿ ಹಿಂದಿನದನ್ನೂ ಪೂರ್ತಿ ಓದಿದರು. "ಅಕ್ಷರ ಛಲೋ ಅದಾವ" ಎಂದಷ್ಟೇ ಹೇಳಿ, ಪಟ್ಟಿ ಕಾಣುವ ಹಾಗೆ ಅದನ್ನು ಬಾಗಿಲಿಗೆ ಅಂಟಿಸಿ ಡಬ್ಬಿ ತೆರೆದರು. ಆ ಕಾಗದ ಎಂದೂ ನನ್ನ ಚೀಲಕ್ಕೆ ಮರಳಲಿಲ್ಲ. ಅಜ್ಜ ಗುಣವಾಗಿ ಮನೆಗೆ ಹೋಗುವ ದಿನ ನಮ್ಮೆಲ್ಲರ ಬಿಳಿ ಕಿಟ್ಟಿನ ಹಣೆಗೆ ಭಂಡಾರ ಬಳಿದು ಹೋದ.

ದೊಡ್ಡ ಸಿಸ್ಟರ್ ಈಗ ನಿವೃತ್ತರು. ಪಾಳಿಯ ಪಟ್ಟಿ ಬರೆಯುವವಳು ನಾನು. ಹೊಸದಾಗಿ ಬಂದ ಹುಡುಗಿಯರನ್ನು ಏನು ಉಂಡು ಬಂದೆ ಎಂದು ಕೇಳುತ್ತೇನೆ, ಅವರಿಗೂ ಸಿಟ್ಟು ಬರುತ್ತದೆ. ಹೋದ ವರ್ಷ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ದೊಡ್ಡ ಸಿಸ್ಟರ್ ನಮ್ಮ ವಾರ್ಡಿಗೇ ಬಂದರು. ಆಪರೇಷನ್ ಆದ ಮರುದಿನ ನೋವು ಹೆಚ್ಚಿತ್ತು. ಬಲಗೈಗೆ ಸಲೈನ್, ಎಡಗೈಯಲ್ಲಿ ನನ್ನ ಕೈ. ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ನನ್ನ ಬಳೆ ಒತ್ತುತ್ತಿತ್ತು. ಅವರಿಗೆ ನಾನು ಕೊಡಬೇಕಾದದ್ದು ಇಷ್ಟಾದರೂ ಕೊಟ್ಟೆನಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಗೋಡೆಯ ಗಡಿಯಾರ ನೋಡಿದರು.

"ಒಂದ ಆತು. ಬೀಳಗಿ, ನಿನ್ನ ಪಾಳಿ."

"ಇರ್ಲಿ ಬಿಡ್ರಿ, ಇವತ್ತೊಂದಿನ."

ಕೈ ಬಿಟ್ಟರು. ಬೆರಳು ಮೇಲೆದ್ದಿತು. ಮುಂದಿನ ಪಾಳಿ ತೇರದಾಳದ ಹೊಸ ಹುಡುಗಿಯದು, ಅವಳನ್ನು ಕೂರಿಸಿ ಹೋದೆ. ಬೇಕೆಂದೇ ಸಾವಕಾಶ ಎರಡು ರೊಟ್ಟಿ ಉಂಡೆ.

ತಿರುಗಿ ಬಂದಾಗ ದೊಡ್ಡ ಸಿಸ್ಟರಿಗೆ ನಿದ್ದೆ ಹತ್ತಿತ್ತು. ಹುಡುಗಿ ಅಲುಗಾಡದೆ ಕೂತಿದ್ದಳು. ಅವಳ ಮಣಿಕಟ್ಟು ಅವರ ಎಡಗೈಯಲ್ಲಿತ್ತು, ಆ ಕಿವುಡು ಬೆರಳು ಅವಳ ನಾಡಿಯ ಮೇಲೆ.