ಎದುರುಮನೆ ಅಕ್ಕನ ಹೂಮರ

ಮೊನ್ನೆ ಹಳೇ ಟ್ರಂಕು ಬಿಚ್ಚಿದಾಗ ಒಣಗಿದ ಗೋಂದಿನ ವಾಸನೆ ಬಂತು. ಸೀರೆಗಳ ಅಡಿಯಲ್ಲಿ ಒಂದು ಹಾಳೆ. ಅದರ ಮೇಲೆ ಕೈಯಲ್ಲೇ ಬಣ್ಣ ತುಂಬಿದ ಒಂದು ಹೂಮರ. ಕೆಂಪು ಇನ್ನೂ ಮಾಸಿಲ್ಲ. ತರೀಕೆರೆಯ ಎದುರುಮನೆ ಅಕ್ಕ ಕಣ್ಣೆದುರಿಗೆ ಬಂದು ಕೂತಂತಾಯಿತು...

ಮಹಾರಾಜರ ಕಾಲ. ನಾನು ಮದುವೆಯಾಗಿ ಆ ಓಣಿಗೆ ಬಂದ ಹೊಸತು. ಅಕ್ಕನ ತಂದೆ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಕೆಮ್ಮಣ್ಣುಗುಂಡಿಯ ತೋಟದಲ್ಲಿ ಎರಡು ಜಾತಿ ಬೆರೆಸಿ ಬೆಳೆಸಿದ ಒಂದು ಹೂಮರವಿತ್ತು. ತೋಟದ ಇಲಾಖೆಯ ಪುಸ್ತಕಕ್ಕೆಂದು ಮೇಷ್ಟ್ರು ಅದರ ಚಿತ್ರ ಬರೆದುಕೊಟ್ಟಿದ್ದರು. ಅಚ್ಚಾಗಿ ಬಂದ ಕಪ್ಪು ಗೆರೆಯ ಹಾಳೆಗಳಿಗೆ ಒಂದೊಂದಾಗಿ ಬಣ್ಣ ತುಂಬುವ ಕೆಲಸ ಅಕ್ಕನದು. ಅವಳ ಅಜ್ಜಿ ಮಾತ್ರ ಅದನ್ನು ಜಾತಿಕೆಟ್ಟ ಮರವೆಂದೇ ಕರೆಯುತ್ತಿದ್ದರು. ಕಾಯಿಲ್ಲ, ಹಣ್ಣಿಲ್ಲ, ಅಂಥ ಮರಕ್ಕೆ ಚಿತ್ರ ಬೇರೆ ಕೇಡು ಎಂದು ಅವರ ಗೊಣಗಾಟ.

ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಹಸಿರು, ಕಂದು ಮುಟ್ಟಲು ಅಡ್ಡಿಯಿರಲಿಲ್ಲ. ಆದರೆ ಹೂವು, ಕುಂಕುಮ ಎರಡನ್ನೂ ಬಿಟ್ಟ ಕೈ ಕೆಂಪು ಹೂವಿಗೆ ಬಣ್ಣ ಹಚ್ಚಕೂಡದೆಂದು ಅಜ್ಜಿಯ ಕಟ್ಟಪ್ಪಣೆ. ತಾವೂ ವಿಧವೆ, ಉಡುತ್ತಿದ್ದುದು ಮಡಿಯ ಕೆಂಪು ಸೀರೆಯೇ, ಕೇಳುವವರು ಯಾರು? ಹೀಗಾಗಿ ಎಲೆ, ಕೊಂಬೆ ಅಕ್ಕನ ಪಾಲಿಗೆ, ಹೂವು ಮುತ್ತೈದೆಯಾದ ನನ್ನ ಪಾಲಿಗೆ. ನನಗೋ ಕುಂಚ ನೆಟ್ಟಗೆ ಹಿಡಿಯಲೂ ಬಾರದು. ಬಣ್ಣ ಗೆರೆ ದಾಟಿ ಹರಿದಾಗಲೆಲ್ಲ ಅಕ್ಕ ತುಟಿ ಕಚ್ಚಿಕೊಂಡು ಮುಂದಿನ ಹಾಳೆಯನ್ನು ನನ್ನತ್ತ ಸರಿಸುತ್ತಿದ್ದಳು.

“ಒಂದೇ ಒಂದು ಹೂ ನಾನು ಹಾಕ್ಬೇಕು ಕಣೇ,” ಎಂದು ಒಮ್ಮೆ ಮೆಲ್ಲಗೆ ಅಂದಳು.

ಕೊನೆಯ ಹಾಳೆಗಳನ್ನು ಮೇಷ್ಟ್ರು ಮರುದಿನದ ರೈಲಿಗೆ ಒಯ್ಯಬೇಕಿತ್ತು. ಅವತ್ತೇ ನಾನು ಮುಟ್ಟಾಗಿ ಹೊರಗೆ ಕೂತೆ. ಇನ್ನು ಯಾರನ್ನೂ, ಏನನ್ನೂ ಮುಟ್ಟುವಂತಿಲ್ಲ. ನಮ್ಮ ಜಗಲಿಯ ಮೂಲೆಯಿಂದ ಅವರ ಪಡಸಾಲೆ ನೇರ ಕಾಣುತ್ತಿತ್ತು. ಅಕ್ಕ ಬಹಳ ಹೊತ್ತು ಹಾಳೆ ನೋಡುತ್ತ ಕೂತಿದ್ದಳು. ಆಮೇಲೆ ಕೆಂಪಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು.

ಹೂವೆಲ್ಲ ಮುಗಿಯುವ ಹೊತ್ತಿಗೆ ಅಜ್ಜಿ ಒಳಗಿನಿಂದ ಬಂದರು. ಅಕ್ಕನ ಬೆರಳೆಲ್ಲ ಕೆಂಪು. ಅವಳು ಬಚ್ಚಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಇನ್ನೇನು ಓಣಿ ಹಾರಿಹೋಗುವಂತೆ ಬೈಯುತ್ತಾರೆಂದುಕೊಂಡೆ. ಅಜ್ಜಿ ಬಗ್ಗಿ ಹಾಳೆಯನ್ನೇ ನೋಡಿದರು. ನೋಡಿದರು... ಅವರೂ ಹದಿನೈದು ತುಂಬುವ ಮೊದಲೇ ತಲೆ ಬೋಳಿಸಿಕೊಂಡವರಂತೆ.

“ಕೆಳಗಿನ ಕೊಂಬೇಲಿ ಒಂದು ಮೊಗ್ಗು ಬಿಟ್ಟೋಗಿದೆ ನೋಡೇ,” ಅಂದರು. “ಅದಕ್ಕೂ ಹಾಕು.”

ಅಷ್ಟು ಹೇಳಿ, ಮಡಿಯನ್ನೂ ಮರೆತು ಅವಳ ಪಕ್ಕದಲ್ಲೇ ಕೂತರು.

ಆಮೇಲೆ ನನ್ನನ್ನು ಹೂವಿಗೆ ಯಾರೂ ಕರೆಯಲಿಲ್ಲ. ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಅಕ್ಕ ಮುಂದೆ ಎಷ್ಟೋ ಮರಗಳಿಗೆ ಬಣ್ಣ ತುಂಬಿದಳು, ಓಣಿಯ ಹೆಣ್ಣುಮಕ್ಕಳಿಗೂ ಕುಂಚ ಹಿಡಿಸಿದಳು. ನಾವು ಕಡೂರಿಗೆ ಹೊರಟಾಗ ಅವಳು ಕೈಗಿಟ್ಟದ್ದು ಈ ಹಾಳೆ. ಮತ್ತೆ ಹೋಗಿ ನೋಡುತ್ತೇನೆ ಅನ್ನುವಷ್ಟರಲ್ಲಿ ಅವಳೇ ಹೋಗಿಬಿಟ್ಟಿದ್ದಳು. ಆ ಸಂಕಟ ಇಂದಿಗೂ ಇದೆ.

ಮೊಮ್ಮಗಳು ಕತೆಯೆಲ್ಲ ಕೇಳಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಇದ್ರಲ್ಲಿ ನೀನು ಹಾಕಿದ ಹೂ ಯಾವ್ದಜ್ಜಿ?”

“ನಂದು ಒಂದೂ ಇಲ್ಲ ಕಣೇ,” ಎಂದೆ. “ಎಲ್ಲಾ ಅವಳದೇ.”