ಬೈಯುವ ಹಕ್ಕಿನ ಮೈದೇಯಿ

ಮನುಷ್ಯ ಒಂಟಿಯಲ್ಲ, ಎಲ್ಲರೂ ಒಂದೇ ಬಳ್ಳಿ ಎಂದು ಹರಾರೆಯವರು ಈಗ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ತಿರುಗುತ್ತಾರೆ. ತಿರುಗಲಿ. ಅವರಲ್ಲಿ ಒಬ್ಬನೂ ನಮ್ಮ ಬುಹೇರಾ ಸೀಮೆಯ ಮೈದೇಯಿಯ ಬಾಯಿಗೆ ಸಿಕ್ಕಿಲ್ಲ. ಸಿಕ್ಕಿದ್ದರೆ ಅಂಗಿ ಬಿಚ್ಚಿ ಎಸೆದು ಓಡುತ್ತಿದ್ದ.

ಮೈದೇಯಿ ನನ್ನ ಗಂಡನ ಅಕ್ಕ. ತನ್ನ ಗಂಡ ಸತ್ತ ಮೇಲೆ ತವರಿಗೆ ಬಂದು ಶೇಂಗಾ ಬೆಳೆದುಕೊಂಡಿದ್ದಾಳೆ. ಆದರೆ ಅವಳ ನಿಜವಾದ ಕೆಲಸ ಬೈಯುವುದು. ತಮಾಷೆಯಲ್ಲ. ಅಪ್ಪನ ಕಾಲದಿಂದಲೂ ಇವರ ಮನೆತನ ನಮ್ಮೂರ ಮುಚನೇತಾ ಅಜ್ಜಿಯ ಮನೆತನಕ್ಕೆ ಸಹ್ವಿರಾ, ಅಂದರೆ ತಲೆಮಾರಿನಿಂದ ಬಂದ ಗೆಳೆತನದ ಮನೆ. ಆ ಮನೆಯಲ್ಲಿ ಸಾವಾದರೆ ಗುಂಡಿ ತೋಡುವವರು ಇವರು. ಸತ್ತವನಂತೆಯೇ ನಡೆದು, ಮಾತಾಡಿ, ಅಳುವವರನ್ನು ನಗಿಸುವವರು ಇವರು. ಒಡಹುಟ್ಟಿದವರು ನುಂಗಿಕೊಳ್ಳುವ ಮಾತನ್ನು ಮುಖಕ್ಕೆ ಹೊಡೆದ ಹಾಗೆ ಹೇಳುವವರೂ ಇವರೇ. ಇವರ ಮೇಲೆ ಯಾರೂ ಸಿಟ್ಟಾಗುವಂತಿಲ್ಲ. ಸಾಲದ್ದಕ್ಕೆ ಮೈದೇಯಿಗೆ ದೇವರು ಗಂಟಲನ್ನೂ ಧಾರಾಳವಾಗಿ ಕೊಟ್ಟಿದ್ದಾನೆ.

ಮುಚನೇತಾ ಅಜ್ಜಿಯ ಒಬ್ಬನೇ ಮಗ ಗಿವ್‌ಮೋರ್, ಚಿನ್ನ ಅಗೆಯುವ ಗುಂಡಿ ಕುಸಿದು ಸತ್ತ. ಮಳೆ ಕುಡಿದ ನೆಲ, ಆಸರೆಗೆ ಒಂದು ಮರದ ತುಂಡೂ ಕೊಟ್ಟಿರಲಿಲ್ಲ, ಕುಸಿಯಿತು. ಅಷ್ಟೇ. ಆದರೆ ಅಷ್ಟೇ ಎಂದು ಒಪ್ಪಲು ಯಾವ ತಾಯಿಗಾಗುತ್ತದೆ? ಮಣ್ಣು ಮಾಡಿದ ದಿನ ಅಜ್ಜಿ ಮೈದೇಯಿಗೆ ಮಗನ ನಡಿಗೆ ನಡೆಯಲೂ ಬಿಡಲಿಲ್ಲ. ಮರುದಿನ ಸೊಸೆ ಸೆಕೆಸಾಯಿಯತ್ತ ಬೆರಳು ಮಾಡಿ, “ಇವಳೇ ಗಂಡನ್ನ ತಿಂದ್ಕೊಂಡೋಳು!” ಅಂದುಬಿಟ್ಟಳು.

ನಮ್ಮಲ್ಲಿ ಮಾಟಗಾತಿಗೆ ಆಡುವ ಮಾತು ಅದು. ಕೊಳವೆಬಾವಿಯ ಹತ್ತಿರ ಸೆಕೆಸಾಯಿ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿದರು. ಅವಳು ಮುಟ್ಟಿದ ತಟ್ಟೆಗೆ ಯಾರೂ ಕೈ ಹಾಕಲಿಲ್ಲ. ಭಾನುವಾರ ಪ್ರಾರ್ಥನೆಗೆ ಕೂತು ಕಣ್ಣೀರು ಸುರಿಸುವ ಜನವೇ ಇದು. ಥೂ!

ಸೆಕೆಸಾಯಿ ಮೊದಲು ಮಾತು ಬಿಟ್ಟಳು, ಆಮೇಲೆ ಊಟ ಬಿಟ್ಟಳು. ಎತ್ತಿನ ಗಾಡಿಯಲ್ಲಿ ಮಲಗಿಸಿ ನಾನೂ ಮೈದೇಯಿಯೂ ಆಸ್ಪತ್ರೆಗೆ ಕರೆದೊಯ್ದೆವು. ನರ್ಸಮ್ಮ ಗ್ಲೂಕೋಸ್ ಹಾಕಿ, “ಕಾಯಿಲೆ ಏನೂ ಕಾಣ್ತಿಲ್ಲ. ಹೀಗೇ ಉಣ್ಣದೆ ಇದ್ರೆ ಮಾತ್ರ ಉಳಿಯಲ್ಲ. ಮನೇಲಿ ಯಾರ ಜೊತೆ ಕೂತು ಉಣ್ತಾಳೆ?” ಎಂದು ಕೇಳಿದಳು. ಏನಂತ ಹೇಳುವುದು? ಅವಳನ್ನು ವಾಪಸು ಕರೆತರುವಾಗ ದಾರಿಯುದ್ದಕ್ಕೂ ಮೈದೇಯಿ ಹಲ್ಲು ಕಡಿಯುತ್ತಲೇ ಬಂದಳು.

ಮರುದಿನ ಬೆಳಿಗ್ಗೆ ಅಜ್ಜಿಯ ಅಂಗಳಕ್ಕೆ ನುಗ್ಗಿದಳು. ಹಿಂದೆ ನಾನು. ದುಃಖ ಕೇಳಲು ಬಂದ ನೆಂಟರು ಮೆಕ್ಕೆಜೋಳದ ಮುದ್ದೆ ಮುರಿಯುತ್ತಿದ್ದರು. ಸೆಕೆಸಾಯಿಯ ಗುಡಿಸಲಿನ ಬಾಗಿಲು ಮುಚ್ಚಿತ್ತು.

“ಗಂಟಲಲ್ಲಿ ಸಲೀಸಾಗಿ ಇಳೀತಿದೆಯಾ?” ಮೈದೇಯಿ ಕೂಗಿದಳು. “ಉಣ್ಣಿ, ಉಣ್ಣಿ! ಒಳಗಿರೋಳ ಹೆಣ ಬಿದ್ರೆ ಇನ್ನೊಂದು ಸಲ ಬಂದು ಉಣ್ಣಬಹುದು!”

“ಏ, ಬಾಯಿಗೆ ಬೀಗ ಹಾಕು,” ಅಂದ ಸತ್ತವನ ಚಿಕ್ಕಪ್ಪ.

“ನಿನ್ನ ಅಪ್ಪನ ಕೈಲೇ ಆಗ್ಲಿಲ್ಲ ಅದು. ತೆಪ್ಪಗೆ ಕೂತ್ಕೋ.”

ಗೋಡೆಗೆ ನೇತುಹಾಕಿದ್ದ ಗಿವ್‌ಮೋರ್‌ನ ಟೋಪಿಯನ್ನು ಎಳೆದು ತಲೆಗೆ ಒತ್ತಿಕೊಂಡಳು. ಅವನು ಹುಡುಗನಿದ್ದಾಗ ಮರದಿಂದ ಬಿದ್ದಾಗಿನಿಂದ ಒಂದು ಕಾಲು ಎಳೆಯುತ್ತಿದ್ದ. ಹಾಗೆಯೇ ಕುಂಟುತ್ತ ಅಜ್ಜಿಯ ಮುಂದೆ ಹೋಗಿ, ಅವನದೇ ದನಿಯಲ್ಲಿ ಕೇಳಿದಳು: “ಅವ್ವಾ, ನನ್ನ ಹೆಂಡ್ತಿಗೆ ಉಣ್ಣಕ್ಕೆ ಕೊಟ್ಯಾ? ಊಟ ಹಾಳಾಗ್ಲಿ, ರಾತ್ರಿ ನಿದ್ದೆ ಬಂತೇನೇ ಅಂತಾದ್ರೂ ಕೇಳಿದ್ಯಾ?”

ಅಜ್ಜಿ ಮುದ್ದೆ ಕೋಲು ಎತ್ತಿಕೊಂಡು ಅವಳ ಬೆನ್ನಿಗೆ ಬಿಟ್ಟಳು. “ನನ್ನ ಮಗ ಹೋದ! ಅವಳ್ಯಾಕೆ ಇರ್ಬೇಕು? ಹೇಳೇ, ಅವಳ್ಯಾಕೆ ಇರ್ಬೇಕು?”

“ಇದು ಸಿಟ್ಟು ಕಣೇ ಮುದುಕಿ! ಇದಕ್ಕೆ ಮಾಟ ಅಂತ ಯಾಕೆ ಹೆಸರಿಟ್ಟೆ?” ಅನ್ನುತ್ತಲೇ ಮೈದೇಯಿ ಏಟು ತಿಂದಳು, ಕುಂಟಿದಳು, ಮತ್ತೆ ಏಟು ತಿಂದಳು.

“ಆ ಕಾಲಲ್ಲ!”

ಎಲ್ಲರೂ ತಿರುಗಿದರು. ಸೆಕೆಸಾಯಿ ಬಾಗಿಲ ಕಂಬ ಹಿಡಿದು ನಿಂತಿದ್ದಳು. “ಎಡಗಾಲಲ್ಲ. ಅವನು ಎಳೀತಿದ್ದಿದ್ದು ಬಲಗಾಲು. ಅಷ್ಟೂ ಗೊತ್ತಿಲ್ದೆ ಅವನ ಟೋಪಿಗೆ ಯಾಕೆ ಕೈ ಹಾಕಿದೆ?”

“ಅಲ್ವಾ ಮತ್ತೆ! ಬಲಗಾಲು!” ಅಂದಳು ಅಜ್ಜಿ, ಕೋಲು ಹಿಡಿದುಕೊಂಡೇ. “ನನ್ನ ಮಗನ ಕಾಲು ಯಾವುದು ಅಂತ ಇವಳಿಗೇನು ಗೊತ್ತು, ಹಾಳಾದೋಳಿಗೆ!”

“ಹೆಜ್ಜೆನೂ ಹಂಗಲ್ಲ ಅತ್ತೆ. ಅವನು ಮೆಲ್ಲಗೆ ಇಡ್ತಿದ್ದ.”

“ಮೆಲ್ಲಗೆ ಇಡ್ತಿದ್ದ,” ಅಂದಳು ಅಜ್ಜಿ.

ಮೈದೇಯಿ ಬೇಕೆಂದೇ ಕಾಲು ತಪ್ಪಿಸಿದಳೋ, ನಿಜಕ್ಕೂ ಮರೆತಳೋ, ನಾನರಿಯೆ. ಈಗಲೂ ಕೇಳಿದರೆ ಬೈಯುತ್ತಾಳೆ. ಆವತ್ತು ಮಾತ್ರ ಹೆತ್ತವಳೂ ಕಟ್ಟಿಕೊಂಡವಳೂ ಸೇರಿ ಬೈದದ್ದನ್ನು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಬೈದು ಬೈದು ಸುಸ್ತಾದಾಗ ಅಜ್ಜಿ ಸೊಸೆಯ ಮುಖ ನೋಡಿದಳು. ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ತಟ್ಟೆಗೆ ಮುದ್ದೆ ಹಾಕಿ ಅವಳ ಮುಂದಿಟ್ಟು, “ಉಣ್ಣು” ಅಂದಳು.

“ಹೆಂಗೆ ಉಣ್ಣಲಿ ಅತ್ತೆ? ಗಂಡನ್ನ ತಿಂದ್ಕೊಂಡೋಳು ಅಂದ್ರಲ್ಲ. ಆವತ್ತಿಂದ ಬಾಯಿಗೆ ಏನಿಟ್ರೂ ಅವನನ್ನೇ ಅಗೀತಿದೀನಿ ಅನ್ನಿಸ್ತದೆ.”

ಮೈದೇಯಿ ತಲೆಯ ಮೇಲಿನ ಟೋಪಿ ತೆಗೆದಳು.

ಅಜ್ಜಿ ನೆಲದ ಮೇಲೆ ಕುಸಿದು ಕೂತಳು. ನೆಂಟರ ಕಡೆ ತಿರುಗಿ ಕಿರುಚಿದಳು: “ನನ್ನ ಮಗನ್ನ ತಿಂದಿದ್ದು ಗುಂಡಿ! ಕೇಳಿಸ್ತಾ ಎಲ್ರಿಗೂ? ಗುಂಡಿ! ಇವಳಲ್ಲ!” ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಸೊಸೆಯ ತಟ್ಟೆಯಿಂದ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡಳು. ಅಳುತ್ತಲೇ ಅಗಿದಳು, ನುಂಗಿದಳು, ತಟ್ಟೆಯನ್ನು ಸೊಸೆಯತ್ತ ದೂಡಿದಳು.

ಸೆಕೆಸಾಯಿ ಅಜ್ಜಿ ಮುರಿದ ಕಡೆಯಿಂದಲೇ ಒಂದು ತುತ್ತು ಮುರಿದಳು.