ಬಾಯಿಮಟ ತುಂಬಿದ ಬಾಟ್ಲಿ

ಈ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರಿಗಿಂತ ಮೊದಲು ಬ್ಲೀಚಿಂಗ್ ಪೌಡರಿನ ವಾಸನೆ ಬಂತು. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನನಗೋ ನಮ್ಮವರ ಅಂಗಿ ನೆನಪಾಯಿತು. ಕೆಲವರಿಗೆ ಗಂಡನ ನೆನಪು ಮಲ್ಲಿಗೆಯಲ್ಲಿ ಬರುತ್ತದಂತೆ. ನನ್ನ ಭಾಗ್ಯಕ್ಕೆ ಕ್ಲೋರಿನ್, ನೋಡಿ!

ಎಂಬತ್ತರ ದಶಕದ ಮಾತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ. ನಮ್ಮವರು ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಬಾಟ್ಲಿ ತೊಳೆಯುತ್ತಿದ್ದರು. ಒಂದು ದಿನ ಸಾಹೇಬರು ಬಿರಡೆಯ ಸಣ್ಣ ಗಾಜಿನ ಬಾಟ್ಲಿ ಕೊಟ್ಟು, ಮನೆಯ ನಲ್ಲಿಯ ನೀರು ಹಿಡಿದು ತರಲು ಹೇಳಿದರು. ಅದು ಬೆಂಗಳೂರಿಗೆ ಹೋಗಬೇಕಿತ್ತು. ಹೊಳೆನೀರಿನಲ್ಲಿ ಕೊಳೆತ ಎಲೆ, ಕಸಕ್ಕೆ ಕ್ಲೋರಿನ್ ಸೇರಿದರೆ ಬೇರೇನೋ ಕೆಟ್ಟದ್ದು ಹುಟ್ಟುತ್ತದಂತೆ; ಅದು ಎಷ್ಟಿದೆಯೆಂದು ಅಲ್ಲಿ ನೋಡುತ್ತಾರಂತೆ. ಗಾಳಿ ಸೋಕಿದರೆ ಅದು ಹಾರಿಹೋಗುತ್ತದಂತೆ. ಅದಕ್ಕೇ ಒಂದು ಗುಳ್ಳೆಯೂ ಇಲ್ಲದಂತೆ ಬಾಯಿಮಟ ತುಂಬಬೇಕು. ಇದೊಂದು ಸರಿಹೋದರೆ ತೊಳೆಯುವ ತೊಟ್ಟಿ ಬಿಟ್ಟು ಪರೀಕ್ಷೆಯ ಮೇಜಿಗೆ ಹೋಗಬಹುದೆಂದು ಅವರಿಗೆ ಆಸೆ.

ನಲ್ಲಿ ಬಂದಾಗ ತುಂಬಿ, ದೇವರ ಜಗಲಿಯ ಮೇಲಿಟ್ಟು ಸ್ನಾನಕ್ಕೆ ಹೋದರು. ಬರುವಷ್ಟರಲ್ಲಿ ರಾರಾವಿ ಊರಿನಿಂದ ಬಂದಿದ್ದ ನಮ್ಮತ್ತೆ ಬಿರಡೆ ತೆಗೆದು, ಒಂದು ಚಮಚ ನೀರು ಲಿಂಗಕ್ಕೆ ಎರೆದುಬಿಟ್ಟಿದ್ದರು.

"ಯವ್ವಾ, ಏನ್ ಮಾಡಿದಿ!"

"ಪರವೂರಿಗೆ ಹೋಗೋ ನೀರು ಐತಿ. ಶಿವಗ ಎರೀದೆ ಕಳಸ್ತಾರೇನಲೇ?"

ಅಷ್ಟರಲ್ಲಿ ನಲ್ಲಿ ನಿಂತಿತ್ತು. ಮೂರು ಹೊತ್ತು ವಿಭೂತಿ ಹಚ್ಚುವ ನಾನು ಮೆಲ್ಲಗೆ ಅಂದೆ: "ಕೊಡದಾಗಿನ ನೀರು ಒಂದೀಟು ಹಾಕಿಬಿಡ್ರಿ. ಯಾರಿಗೆ ಗೊತ್ತಾಕೈತಿ?"

ಅತ್ತೆ ನನ್ನತ್ತ ತಿರುಗಿದರು. "ಈಗ ಎರದೀನಲ್ಲ, ಅವಗ ಗೊತ್ತಾಕೈತಿ." ಮಗನಿಗೆ ಹೇಳಿದರು: "ನಡಿ ತಮ್ಮಾ, ನಿಮ್ಮ ಸಾಹೇಬ್ರಿಗೆ ನಾನ ಹೇಳ್ತೀನಿ."

ಸೆರಗು ಹೊದ್ದು ಹೊರಟೇಬಿಟ್ಟರು. ಮೇಜಿನ ಆಸೆ ಮುಗಿಯಿತೆಂದು ನಾನು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಸಾಹೇಬರು ಮೊದಲು ಬೈದರಂತೆ. ಆಮೇಲೆ, "ಮ್ಯಾಲೆ ನೀರು ಸುರುವಿ ತಂದಿದ್ರ ಸುಳ್ಳು ರಿಪೋರ್ಟ್ ನಂಬ್ತಿದ್ವಲ್ಲವ್ವಾ" ಎಂದು ಇನ್ನೊಂದು ಬಾಟ್ಲಿ ಕೊಟ್ಟರಂತೆ. ಮರುದಿನ ಅತ್ತೆ ನಲ್ಲಿಯ ಮೊದಲ ಚಮಚ ಲಿಂಗಕ್ಕೆ ಎರೆದು, "ಆತು, ಈಗ ನೀ ತುಂಬು ತಮ್ಮಾ" ಎಂದರು. ಆ ಬಾಟ್ಲಿ ಬೆಂಗಳೂರು ಕಂಡಿತು. ಮೇಜು ಸಿಕ್ಕಿದ್ದು ಎರಡು ವರ್ಷ ತಡವಾಗಿ. ಶಿವನ ದಯೆ, ಸಿಕ್ಕಿತಲ್ಲ.

"ಅಜ್ಜಿ, ವಾಸನಿ!" ಎಂದಳು ಮೊಮ್ಮಗಳು. ವಾಸನೆ ಹೋಗುವ ತನಕ ನೀರು ತೆರೆದಿಟ್ಟು, ಆಮೇಲೆ ಪೂಜೆಗೆ ಒಯ್ಯುವುದು ಇಷ್ಟು ವರ್ಷದ ನನ್ನ ರೂಢಿ. ಇವತ್ತು ಕಾಯಲಿಲ್ಲ. ಬಂದ ನೀರನ್ನು ಬಂದ ಹಾಗೆಯೇ, ಆ ವಾಸನೆಯ ಸಮೇತ, ಲಿಂಗಕ್ಕೆ ಎರೆದೆ.